ಹೊಳೆ ಎಂಬ ಮಾತಿನ ವಂಶಾವಳಿ

ಕೆಲವು ಕಾಲದ ಹಿಂದೆ ನಮ್ಮ ಜಿಲ್ಲೆಯ ಒಂದು ನ್ಯಾಯಾಲಯದಲ್ಲಿ ಜಮೀನಿನ ದಾವೆಯೊಂದು ವಿಚಾರಣೆಗೆ ಬಂದಿದ್ದಿತು. ವಾದಿಯ ಕಡೆಯ ವಕೀಲನು ನಾನೇ. ನೂರು ವರ್ಷಕ್ಕೂ ಮಿಕ್ಕಿದ ಹಳೆಯ ಕ್ರಯಪತ್ರವೇ ನಮ್ಮ ಆಧಾರ. ಅದರ ಚಕ್ಕುಬಂದಿಯಲ್ಲಿ ‘ಮೂಡಲು ಹೊಳೆ’ ಎಂದು ಬರೆದಿದ್ದಿತು. ಹೊಳೆ ಎಂದರೆ ಹೇಮಾವತಿ ಎಂದು ನಮ್ಮ ವಾದ. ಅಲ್ಲ, ಹೊಳೆ ಎಂದರೆ ಅದರ ಈಚೆಗೆ ಹರಿಯುವ ಸಣ್ಣ ಹಳ್ಳ, ಆದುದರಿಂದ ಹಳ್ಳಕ್ಕೂ ಹೇಮಾವತಿಗೂ ನಡುವಣ ಒಂದು ಎಕರೆ ಮೂವತ್ತು ಗುಂಟೆ ನೆಲವು ವಾದಿಗೆ ಸೇರಿದುದಲ್ಲ ಎಂದು ಪ್ರತಿವಾದಿಯ ವಾದ. ಎಂಬತ್ತು ದಾಟಿದ ಒಬ್ಬ ರೈತನನ್ನು ನಾವು ಸಾಕ್ಷಿಯಾಗಿ ಕರೆಸಿದೆವು. ಹಳ್ಳಕ್ಕೂ ಹೊಳೆಗೂ ಏನು ವ್ಯತ್ಯಾಸವೆಂದು ಎದುರು ಪಕ್ಷದ ವಕೀಲರು ಸವಾಲು ಹಾಕಲು, ಆ ಮುದುಕನು ಕ್ಷಣವೂ ತಡೆಯದೆ, “ಅಳ್ಳ ಬ್ಯಾಸಿಗೇಲಿ ಬತ್ತೋಯ್ತದೆ ಸ್ವಾಮಿ, ಒಳೆ ಬತ್ತಾಕಿಲ್ಲ” ಎಂದುಬಿಟ್ಟನು.

ಇದಕ್ಕಿಂತ ಚೊಕ್ಕವಾದ ಲಕ್ಷಣವನ್ನು ಯಾವ ಕೋಶವು ಕೊಟ್ಟೀತು? ಆದರೆ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಇಬ್ಬರು ಕಿರಿಯ ವಕೀಲರು ‘ಒಳೆ’, ‘ಅಳ್ಳ’ ಎಂಬ ಉಚ್ಚಾರವನ್ನು ಕೇಳಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಇಬ್ಬರೂ ಒಳ್ಳೆಯ ಹುಡುಗರು, ಇಬ್ಬರೂ ಹಳ್ಳಿಯಿಂದಲೇ ಬಂದವರು. ಮುದುಕನು ಅವರ ನಗುವನ್ನು ಕಂಡನು. ಮುಂದಿನ ಸವಾಲುಗಳಿಗೆ ಅವನ ಉತ್ತರವು ಕುಗ್ಗಿದ ದನಿಯಲ್ಲಿ ಬಂದಿತು. ನ್ಯಾಯಾಧೀಶರು ಎರಡು ಸಲ “ಗಟ್ಟಿಯಾಗಿ ಹೇಳಿ” ಎನ್ನಬೇಕಾಯಿತು.

ಆ ನಗುವೇ ಈ ಲೇಖನಕ್ಕೆ ಕಾರಣ. ಪ್ರತಿದಿನವೂ ನಮ್ಮ ನಾಲಗೆಯ ಮೇಲೆ ಆಡುವ ಒಂದು ಮಾತಿನ ಹುಟ್ಟು ಹಿನ್ನೆಲೆಗಳನ್ನು ನಾವು ಅರಿತಿದ್ದರೆ, ಅಂದು ನಗುವ ಪ್ರಸಂಗವೇ ಬರುತ್ತಿರಲಿಲ್ಲವೆಂದು ನನ್ನ ಅಭಿಪ್ರಾಯ. ವಾಚಕರು, ಅದರಲ್ಲಿಯೂ ಉಪಾಧ್ಯಾಯ ಮಹಾಶಯರು, ಸ್ವಲ್ಪ ಸಾವಧಾನದಿಂದ ಈ ವಂಶಾವಳಿಯನ್ನು ಪರಿಶೀಲಿಸಬೇಕೆಂದು ಬೇಡುತ್ತೇನೆ.

ಹೊಳೆ ಎಂಬ ಶಬ್ದವು ಎಲ್ಲಿಂದ ಬಂದಿತೆಂದು ಕೇಳಿದರೆ ನಮ್ಮ ಕಡೆಯ ವಿದ್ಯಾವಂತರು ಸಾಮಾನ್ಯವಾಗಿ ಎರಡು ಉತ್ತರಗಳಲ್ಲಿ ಒಂದನ್ನು ಕೊಡುತ್ತಾರೆ. ಬಿಸಿಲಿನಲ್ಲಿ ನೀರು ಹೊಳೆಯುವುದರಿಂದ ಹೊಳೆ ಎಂಬುದು ಮೊದಲನೆಯದು. ಯಾವುದೋ ಸಂಸ್ಕೃತ ಶಬ್ದವು ಹಳ್ಳಿಗರ ಬಾಯಲ್ಲಿ ಕೆಟ್ಟು ಹೀಗಾಗಿರಬೇಕೆಂಬುದು ಎರಡನೆಯದು. ಎರಡನೆಯ ಉತ್ತರವನ್ನು ಹೇಳುವವರಿಗೆ ಆ ಸಂಸ್ಕೃತ ಶಬ್ದವು ಯಾವುದೆಂದು ಕೇಳಿದರೆ ಸುಮ್ಮನಾಗುವರು. ಆದಕಾರಣ ಅದನ್ನು ಇಲ್ಲಿಗೇ ಬಿಡೋಣ. ಮೊದಲನೆಯದು ಕೇಳುವುದಕ್ಕೆ ಇಂಪಾಗಿದೆ. ಕವಿಗಳಿಗೂ ಒಪ್ಪುವಂತಿದೆ. ಆದರೆ ಇಬ್ಬರು ಆಸಾಮಿಗಳಿಗೆ ಒಂದೇ ಹೆಸರಿದ್ದ ಮಾತ್ರಕ್ಕೆ ಅವರು ಒಂದೇ ತಂದೆಯ ಮಕ್ಕಳಾಗುವುದಿಲ್ಲ. ಖಾತೆಯಲ್ಲಿ ಹೆಸರು ಹೊಂದಿತೆಂದು ಪಾಲು ಕೇಳಲು ಬಂದವರನ್ನು ನಾವು ವಕೀಲರು ದಿನವೂ ಕಾಣುತ್ತೇವೆ. ಅಂಥಲ್ಲಿ ಎರಡು ತಲೆಮಾರು ಹಿಂದಕ್ಕೆ ಹೋಗಿ ನೋಡುವುದೊಂದೇ ದಾರಿ. ಇಲ್ಲಿಯೂ ಹಾಗೆಯೇ ಮಾಡಬೇಕು.

ಹಿಂದಕ್ಕೆ ಹೋಗುವುದಕ್ಕೆ ನಾವು ದೂರ ಪ್ರಯಾಣ ಮಾಡಬೇಕಾಗಿಲ್ಲ. ಹಾಸನ ಜಿಲ್ಲೆಯಂಥ ಪಾಠಶಾಲೆಯು ಇದಕ್ಕೆ ಬೇರೊಂದಿಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ೧೯೩೬ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಡಾಕ್ಟರ್ ಎಂ. ಎಚ್. ಕೃಷ್ಣರವರು ಬೆಳಕಿಗೆ ತಂದ ಶಿಲಾಶಾಸನವನ್ನು ಸುಮಾರು ಕ್ರಿಸ್ತಶಕ ೪೫೦ರದೆಂದು ಎಣಿಸುವುದು ವಾಡಿಕೆ. ಆ ಶಾಸನದಲ್ಲಿ ದತ್ತಿಯಾಗಿ ಕೊಟ್ಟ ಎರಡು ಊರುಗಳ ಹೆಸರುಗಳಿವೆ: ಒಂದು ಪಲ್ಮಿಡಿ, ಇನ್ನೊಂದು ಮೂಳಿವಳ್ಳಿ. ಆ ಪಲ್ಮಿಡಿಯೇ ಇಂದಿನ ಹಲ್ಮಿಡಿ. ಕಲ್ಲಿನ ಮೇಲೆ ಪಕಾರ, ಇಂದಿನ ಊರಿನವರ ಬಾಯಲ್ಲಿ ಹಕಾರ. ನಮ್ಮ ಭಾಷೆಯ ಒಂದೂವರೆ ಸಾವಿರ ವರ್ಷದ ಚರಿತ್ರೆಯಲ್ಲಿ ಅತಿ ದೊಡ್ಡದಾದ ಒಂದು ಮಾರ್ಪಾಡಿಗೆ ಆ ಊರಿನ ಹೆಸರೇ ಸಾಕ್ಷಿ ನುಡಿಯುತ್ತಿದೆ.

ಪೂರ್ವದಲ್ಲಿ ಕನ್ನಡಿಗರು ಪಾಲ್ ಕುಡಿಯುತ್ತಿದ್ದರು, ಪಣ್ಣನ್ನು ತಿನ್ನುತ್ತಿದ್ದರು, ಪೂವನ್ನು ಮುಡಿಯುತ್ತಿದ್ದರು, ಪಳ್ಳಿಯಲ್ಲಿ ವಾಸಿಸುತ್ತಿದ್ದರು, ಪುಲಿಗೆ ಅಂಜುತ್ತಿದ್ದರು. ಹತ್ತನೆಯ ಶತಮಾನದ ಹೊತ್ತಿಗೆ ಶಾಸನಗಳಲ್ಲಿ ಹಕಾರದ ರೂಪಗಳು ತಲೆಹಾಕಲಾರಂಭಿಸಿ, ಮುಂದಿನ ಮೂರು ನಾಲ್ಕು ಶತಮಾನಗಳಲ್ಲಿ ಆಡುನುಡಿಯನ್ನೆಲ್ಲ ವ್ಯಾಪಿಸಿಬಿಟ್ಟವು. ಹಾಲು, ಹಣ್ಣು, ಹೂವು, ಹಳ್ಳಿ, ಹುಲಿ ಎಲ್ಲವೂ ಹೀಗೆ ಆದವು. ತಮಿಳರೂ ತೆಲುಗರೂ ಪಕಾರವನ್ನು ಬಿಡಲಿಲ್ಲ; ಅವರಿಗೆ ಇಂದಿಗೂ ಹಾಲು ಪಾಲೇ, ಹುಲಿ ಪುಲಿಯೇ. ನಮ್ಮ ಜಿಲ್ಲೆಯನ್ನು ಆಳಿದ ರಾಜವಂಶದ ಹೆಸರೂ ಈ ಪ್ರವಾಹಕ್ಕೆ ಸಿಕ್ಕಿತು. ಶಾಸನಗಳಲ್ಲಿ ಪೊಯ್ಸಳ ಎಂದಿದ್ದುದು ಹೊಯ್ಸಳವಾಯಿತು. ಮುನಿಯು “ಪೊಯ್, ಸಳ” ಎಂದನೆಂದೂ, ಸಳನು ಹುಲಿಯನ್ನು ಹೊಡೆದನೆಂದೂ ಹೇಳುವ ಕಥೆಯನ್ನು ಬೇಲೂರಿನ ದೇವಸ್ಥಾನದ ಬಾಗಿಲಿನಲ್ಲಿ ಪ್ರತಿಯೊಬ್ಬ ಮಾರ್ಗದರ್ಶಿಯೂ ಹೇಳುತ್ತಾನೆ. ವಂಶದ ಹೆಸರನ್ನು ವಿವರಿಸುವುದಕ್ಕೆಂದು ಆಮೇಲೆ ಕಟ್ಟಿದ ಕಥೆ ಅದೆಂದು ಚರಿತ್ರಕಾರರಲ್ಲಿ ಅನೇಕರ ಮತ. ನಿಜವೋ ಕಲ್ಪನೆಯೋ ಅಂತೂ ಆ ಕಥೆಯು ಹೊಯ್ಯು ಎಂಬ ಮಾತಿನ ಹಳೆಯ ರೂಪವನ್ನು ಕಾಪಾಡಿಕೊಟ್ಟಿದೆ.

ಇನ್ನು ಹೊಳೆಗೆ ಬರೋಣ. ಹಕಾರವನ್ನು ತೆಗೆದು ಪಕಾರವನ್ನಿಟ್ಟರೆ ಪೊಳೆ ಎಂದಾಗುವುದು. ಆದರೆ ಪೊಳೆ ಎಂಬ ಹಳಗನ್ನಡ ಧಾತುವಿಗೆ ಮಿನುಗು ಎಂದು ಅರ್ಥ. ನಮ್ಮ ‘ಹೊಳಪು’ ಅದರ ಸಂತಾನ. ಹಾಗಾದರೆ ಹೊಳೆಯುವುದೇ ಹೊಳೆ ಎಂದ ಕವಿಹೃದಯದವರು ಗೆದ್ದರೇ? ಇಲ್ಲ. ಇಲ್ಲಿ ಇನ್ನೊಂದು ಅಕ್ಷರದ ಕಥೆಯಿದೆ. ಅದು ‘ೞ’.

ಈ ಅಕ್ಷರವನ್ನು ಇಂದು ಎಷ್ಟು ಜನ ಬಲ್ಲರು? ಹಳಗನ್ನಡದ ಪಾಠದಲ್ಲಿ ಒಮ್ಮೆ ಕಂಡು ಪರೀಕ್ಷೆಯ ಮರುದಿನ ಮರೆತಿರುತ್ತೇವೆ. ಲಕಾರವೂ ಅಲ್ಲ, ಳಕಾರವೂ ಅಲ್ಲ, ರಕಾರವೂ ಅಲ್ಲ. ನಾಲಗೆಯನ್ನು ಹಿಂದಕ್ಕೆ ಮಡಿಚಿ ಎಲ್ಲಿಗೂ ತಾಗಿಸದೆ ನುಡಿಯತಕ್ಕ ಧ್ವನಿ ಅದು. ಮಳೆಯು ಅಂದು ಮೞೆ. ಏಳು ಎಂಬ ಸಂಖ್ಯೆಯು ಏೞ್. ಕೋಳಿಯು ಕೋೞಿ, ಬಾಳೆಯು ಬಾೞೆ, ಹಳೆಯದು ಪೞೆಯದು. ಹಳೇಬೀಡು ಎಂಬ ಹೆಸರಿನ ಮೊದಲ ಭಾಗದಲ್ಲಿ ಹೀಗೆ ಪಕಾರವೂ ೞಕಾರವೂ ಎರಡೂ ಅಡಗಿವೆ. ಹೊಯ್ಸಳರ ಕಾಲಕ್ಕೆ ಈ ಧ್ವನಿಯು ಜನರ ಬಾಯಿಂದ ಜಾರಿ ಳಕಾರದಲ್ಲಿ ಲೀನವಾಗುತ್ತಿದ್ದಿತು. ಸುಮಾರು ೧೨೬೦ರಲ್ಲಿ ಶಬ್ದಮಣಿದರ್ಪಣವನ್ನು ಬರೆದ ಕೇಶಿರಾಜನು ೞಕಾರವುಳ್ಳ ಮಾತುಗಳು ಯಾವುವೆಂದು ಪ್ರತ್ಯೇಕವಾಗಿ ಪಟ್ಟಿಮಾಡಿ ಕೊಡಬೇಕಾಯಿತು. ಎಲ್ಲರೂ ಸರಿಯಾಗಿ ನುಡಿಯುವ ಧ್ವನಿಗೆ ಯಾವ ವೈಯಾಕರಣನೂ ಪಟ್ಟಿಯನ್ನು ಬರೆಯುವುದಿಲ್ಲ. ಕೇಶಿರಾಜನ ತಂದೆ ಮಲ್ಲಿಕಾರ್ಜುನನು ಹೊಯ್ಸಳ ಸೋಮೇಶ್ವರನ ಆಶ್ರಯದಲ್ಲಿದ್ದವನೆಂಬುದನ್ನೂ ವಾಚಕರು ನೆನಪಿಡಬೇಕು.

ನಮ್ಮಲ್ಲಿ ಸತ್ತುಹೋದ ಈ ಧ್ವನಿಯು ಘಟ್ಟದ ಕೆಳಗೆ ಮಲೆಯಾಳದಲ್ಲಿ ಇನ್ನೂ ಬದುಕಿದೆ. ಅವರಿಗೆ ಮಳೆಯು ‘ಮೞ’, ಬಾಳೆಯು ‘ವಾೞ’, ಕೋಳಿಯು ‘ಕೋೞಿ’, ಏಳು ‘ಏೞು’. ಹಾಗಾದರೆ ಹೊಳೆಗೆ ಅವರು ಏನೆನ್ನುವರು? ‘ಪುೞ’ ಎನ್ನುವರು. ಆಲಪ್ಪುೞ, ಮೂವಾಟ್ಟುಪುೞ, ಭಾರತಪ್ಪುೞ ಎಂಬ ಹೆಸರುಗಳನ್ನು ಭೂಗೋಳದಲ್ಲಿ ಓದಿದವರಿಗೆಲ್ಲ ಈ ಪುೞವು ಪರಿಚಿತವೇ.

ಪುೞ ಎಲ್ಲಿ, ಹೊಳೆ ಎಲ್ಲಿ, ಇದು ಹೇಗೆ ಒಂದಾದೀತೆಂದು ಸಂಶಯಪಡುವವರಿಗೆ ಎರಡು ಮೂರು ಜೊತೆಗಳನ್ನು ಎದುರಿಗಿಡುತ್ತೇನೆ. ನಮ್ಮ ಹೊಗೆಯು ಹಳಗನ್ನಡದಲ್ಲಿ ಪೊಗೆ, ಮಲೆಯಾಳದಲ್ಲಿ ‘ಪುಕ’. ನಮ್ಮ ಕೊಡೆಯು ಅವರಿಗೆ ‘ಕುಡ’. ನಮ್ಮ ತಲೆಯು ಅವರಿಗೆ ‘ತಲ’. ಅವರ ಪಕಾರಕ್ಕೆ ನಮ್ಮ ಹಕಾರ, ಅವರ ಉಕಾರಕ್ಕೆ ನಮ್ಮ ಒಕಾರ, ಅವರ ಕೊನೆಯ ಅಕಾರಕ್ಕೆ ನಮ್ಮ ಎಕಾರ, ಅವರ ೞಕಾರಕ್ಕೆ ನಮ್ಮ ಇಂದಿನ ಳಕಾರ. ನಾಲ್ಕು ಸಂಬಂಧಗಳೂ ಬೇರೆ ಮಾತುಗಳಲ್ಲಿ ಸ್ವತಂತ್ರವಾಗಿ ಸಿದ್ಧವಾಗಿವೆ. ನಾಲ್ಕನ್ನೂ ಒಟ್ಟಿಗೆ ಹಾಕಿದರೆ ಪುೞವೂ ಪೊೞೆಯೂ ಒಂದೇ ತಾಯಿಯ ಮಕ್ಕಳೆಂದು ತಾನಾಗಿಯೇ ಹೊರಡುತ್ತದೆ. ಮೇಲ್ನೋಟದ ಹೋಲಿಕೆಯನ್ನು ನಂಬಿದರೆ ಮೋಸಹೋಗುತ್ತೇವೆ. ಕ್ರಮಬದ್ಧವಾದ ವ್ಯತ್ಯಾಸವನ್ನು ನಂಬಬಹುದು. ಶಬ್ದಶಾಸ್ತ್ರದ ಸಾಕ್ಷ್ಯಾಧಿನಿಯಮವೆಂದರೆ ಇದೇ.

ನಡುವಣ ಸಾಕ್ಷಿಯೂ ಒಂದಿದೆ. ದಕ್ಷಿಣ ಕೊಡಗಿನಿಂದ ಕೇರಳಕ್ಕೆ ಇಳಿಯುವ ಒಂದು ಹೊಳೆಗೆ ಬಾರಪೊಳೆ ಎಂದು ಹೆಸರು. ಪಕಾರವು ಅಲ್ಲಿ ಇನ್ನೂ ಉಳಿದಿದೆ, ಒಕಾರ ಎಕಾರಗಳು ನಮ್ಮಂತೆ ಇವೆ. ಹಾಸನದಿಂದ ಕಣ್ಣಾನೂರಿಗೆ ಇಳಿಯುವ ದಾರಿಯಲ್ಲಿ ಹೊಳೆಯು ಪೊಳೆಯಾಗಿ, ಪೊಳೆಯು ಪುೞವಾಗುವುದನ್ನು ಕಿವಿಯಿಂದಲೇ ಕೇಳಬಹುದು. ಹೊಳೆಯುವ ಹೊಳೆಯೂ ಹರಿಯುವ ಹೊಳೆಯೂ ಹೀಗೆ ಬೇರೆ ಬೇರೆ ಮನೆತನದವು. ಒಂದು ಪೊಳೆಯ ಮಗ, ಒಂದು ಪೊೞೆಯ ಮಗಳು. ೞಕಾರವು ಸತ್ತಮೇಲೆ ಇಬ್ಬರಿಗೂ ಒಂದೇ ಹೆಸರಾಯಿತು, ಅಷ್ಟೆ. ಇದೇ ರೀತಿ ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆಯನ್ನು ಹೊಳೆಗೆ ಗಂಟುಹಾಕುವವರಿದ್ದಾರೆ. ಅದು ಪೊೞಲ್, ಅಂದರೆ ಪಟ್ಟಣ, ಎಂಬ ಹಳೆಯ ಮಾತಿನ ಹೊಳಲು. ಹೊಳೆಗೂ ಅದಕ್ಕೂ ಸಂಬಂಧವಿಲ್ಲ.

ಈಗ ನಮ್ಮ ಮುದುಕನ ‘ಒಳೆ’ಗೆ ಬರೋಣ. ಪಾಲ್ ಎಂಬುದು ಹಾಲ್ ಆಯಿತು. ಹಾಸನ, ಮಂಡ್ಯ, ಮೈಸೂರು ಸೀಮೆಯ ಹಳ್ಳಿಗಳಲ್ಲಿ ಅದು ‘ಆಲು’ ಆಗಿದೆ. ಪೊೞೆ ಹೊಳೆಯಾಗಿ, ಹೊಳೆ ಒಳೆಯಾಯಿತು. ತುಟಿಗಳನ್ನು ಮುಚ್ಚಿ ತೆರೆಯುವ ಪಕಾರವು ಸಡಿಲಿ ಬರಿಯ ಉಸಿರಾಯಿತು, ಉಸಿರೂ ಸಡಿಲಿ ಮಾಯವಾಯಿತು. ಇದನ್ನು ಅಶುದ್ಧಿಯೆಂದೂ ಗ್ರಾಮ್ಯವೆಂದೂ ಜರೆಯುವವರು ಒಂದು ಮಾತನ್ನು ಮರೆಯುತ್ತಾರೆ. ಪಾಲ್ ಎಂಬುದನ್ನು ಮೊದಲು ಹಾಲ್ ಎಂದು ನುಡಿದ ಕನ್ನಡಿಗನನ್ನೂ ಅಂದಿನ ಪಂಡಿತರು ಹೀಗೆಯೇ ನಕ್ಕಿರಬೇಕು. ನಾವೆಲ್ಲರೂ ಆ ನಗೆಗೀಡಾದವನ ಮೊಮ್ಮಕ್ಕಳು.

ಇದು ನಮ್ಮೊಬ್ಬರ ಕಥೆಯಲ್ಲ. ಐರ್ಲೆಂಡ್ ದೇಶದ ಭಾಷೆಯನ್ನು ನೋಡಿರಿ. ಸಂಸ್ಕೃತದ ಪಿತೃ, ಲ್ಯಾಟಿನಿನ ಪಾತೆರ್, ಇವುಗಳಿಗೆ ಸಮನಾದ ಐರಿಷ್ ಶಬ್ದವನ್ನು ಹುಡುಕಿದರೆ ಪಕಾರವೇ ಇಲ್ಲ; ತಂದೆಗೆ ಅವರು ‘ಅಹರ್’ ಎನ್ನುವರು. ಮೀನಿಗೆ ಲ್ಯಾಟಿನಿನಲ್ಲಿ ಪಿಸ್ಕಿಸ್, ಐರಿಷಿನಲ್ಲಿ ‘ಈಅಸ್ಕ್’. ಐರಿಷ್, ವೆಲ್ಷ್ ಮೊದಲಾದ ಕೆಲ್ಟಿಕ್ ಭಾಷೆಗಳೆಲ್ಲಕ್ಕೂ ಮೂಲವಾದ ಭಾಷೆಯಲ್ಲಿಯೇ ಮೊದಲ ಪಕಾರವು ಸಡಿಲುತ್ತ ಸಡಿಲುತ್ತ ಉಸಿರಾಗಿ, ಕಡೆಗೆ ಇಲ್ಲವಾಯಿತೆಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಅರ್ಮೇನಿಯದವರು ನಡುವಣ ಮೆಟ್ಟಿಲಿನಲ್ಲಿಯೇ ನಿಂತರು. ತಂದೆಯನ್ನು ಅವರು ‘ಹಾಯ್ರ್’ ಎನ್ನುತ್ತಾರೆ. ಪಿತೃ, ಹಾಯ್ರ್, ಅಹರ್ ಎಂಬ ಮೂರನ್ನು ಬರೆದು ಅವುಗಳ ಕೆಳಗೆ ಪಾಲ್, ಹಾಲ್, ಆಲ್ ಎಂದು ಬರೆಯಿರಿ. ಒಂದೇ ಏಣಿಯ ಅವೇ ಮೂರು ಮೆಟ್ಟಿಲುಗಳು. ಐರಿಷರು ಸಹಸ್ರಾರು ವರ್ಷಗಳ ಹಿಂದೆ ತಲುಪಿದ ಮೆಟ್ಟಿಲನ್ನು ನಮ್ಮ ರೈತನು ಈಗ ತಲುಪಿದ್ದಾನೆ. ಅವನನ್ನು ನೋಡಿ ನಗುವವರು ಒಂದು ಮೆಟ್ಟಿಲು ಹಿಂದೆ ನಿಂತು ನಗುತ್ತಿದ್ದಾರೆ.

ಐರ್ಲೆಂಡಿನಲ್ಲಿ ಹೊಳೆಗೆ ‘ಅಬಾನ್’ ಎಂಬಂತೆ ಬರೆದು ‘ಔವನ್’ ಎಂದು ನುಡಿಯುವ ಮನೆಮಾತೊಂದಿದೆ. ವೆಲ್ಷರಲ್ಲಿ ಅದೇ ಮಾತು ‘ಅವೊನ್’. ಇಂಗ್ಲೆಂಡಿನಲ್ಲಿ ಷೇಕ್ಸ್‌ಪಿಯರನ ಊರಿನ ಪಕ್ಕದಲ್ಲಿ ಹರಿಯುವ ಏವನ್ ನದಿಯ ಹೆಸರೂ ಇದೇ. ಪುರಾತನ ಬ್ರಿಟನ್ನರು ‘ಹೊಳೆ’ ಎಂದುದನ್ನು, ಆಮೇಲೆ ಬಂದ ಆಂಗ್ಲರು ಅದರ ಅಂಕಿತನಾಮವೆಂದು ತಿಳಿದು ‘ಹೊಳೆ ನದಿ’ ಎಂದು ಕರೆದುಬಿಟ್ಟರು. ಐರ್ಲೆಂಡಿನಲ್ಲಿಯೇ ೧೮೨೪ರಲ್ಲಿ ಆರಂಭವಾದ ಸರ್ಕಾರಿ ಮೋಜಣಿಯಲ್ಲಿ ಊರು ಹೊಳೆಗಳ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಿಗೆ ಇಳಿಸಿದಾಗ ಎಷ್ಟೋ ಹೆಸರುಗಳ ಅರ್ಥವು ನೋಡುವವರಿಗೆ ಕಾಣದಂತಾಯಿತು. ೧೯೩೭ರ ಅವರ ರಾಜ್ಯಾಂಗವು ಐರಿಷ್ ಭಾಷೆಗೆ ಮೊದಲನೆಯ ಅಧಿಕೃತ ಭಾಷೆಯ ಸ್ಥಾನವನ್ನು ಕೊಟ್ಟಿತಾದರೂ, ಅಷ್ಟರೊಳಗೆ ಬಹುಪಾಲು ಜನರ ಮನೆಯಿಂದ ಆ ಮಾತು ಹೊರಟುಹೋಗಿದ್ದಿತು.

ನಮ್ಮ ಹೊಳೇನರಸೀಪುರವನ್ನು ರೋಮನ್ ಅಕ್ಷರಗಳಲ್ಲಿ ಬರೆದ ಹಲಗೆಯನ್ನು ಓದುವ ಪರದೇಶದ ಪ್ರಯಾಣಿಕನು ಮೊದಲ ಭಾಗವನ್ನು ‘ಹೋಲ್’ ಎಂದು ಓದಿ, ಇದು ತೂತಿನ ನರಸೀಪುರವೆಂದು ತಿಳಿದರೆ ಅವನದೇನೂ ತಪ್ಪಿಲ್ಲ.

ಈ ಊರಿನ ಹೆಸರೇ ಒಂದು ಪಾಠವಾಗತಕ್ಕದ್ದು. ಕಾವೇರಿ ಕಪಿಲೆಗಳ ಸಂಗಮದಲ್ಲಿ ತಿರುಮಕೂಡಲು ನರಸೀಪುರವಿದೆ. ಅದರಿಂದ ಬೇರ್ಪಡಿಸುವುದಕ್ಕೆ ಹೇಮಾವತಿಯ ದಂಡೆಯ ನರಸೀಪುರವು ಹೊಳೇನರಸೀಪುರವಾಯಿತು. ಹೆಸರಿನ ಮೊದಲಲ್ಲಿರುವ ಹೊಳೆಯು ಪಕಾರವನ್ನು ಕಳೆದುಕೊಂಡಿದೆ, ಕೊನೆಯಲ್ಲಿರುವ ಪುರವು ಪಕಾರವನ್ನು ಉಳಿಸಿಕೊಂಡಿದೆ. ಮೊದಲನೆಯದು ಮನೆಯ ಮಗಳು, ಕೊನೆಯದು ಸಂಸ್ಕೃತದಿಂದ ಬಂದ ಅತಿಥಿ. ಚನ್ನರಾಯಪಟ್ಟಣದ ಪಟ್ಟಣವೂ ಹಾಗೆಯೇ. ಆದರೆ ಬಹು ಹಿಂದೆ ಬಂದು ಮನೆಯವರೇ ಆಗಿಹೋದ ಅತಿಥಿಗಳೂ ಉಂಟು. ಪರ್ವವು ಪಬ್ಬವಾಗಿ ಹಬ್ಬವಾಯಿತು. ಪೂರ್ಣಿಮೆಯು ಪುಣ್ಣಮೆಯಾಗಿ ಹುಣ್ಣಿಮೆಯಾಯಿತು. ಇವು ಹಕಾರದ ಪ್ರವಾಹವು ಬರುವುದಕ್ಕೆ ಮೊದಲೇ ನಮ್ಮ ಒಲೆಯ ಮುಂದೆ ಕುಳಿತಿದ್ದವು. ಪುಸ್ತಕ, ಪತ್ರ, ಪರೀಕ್ಷೆಗಳು ಪಂಡಿತರ ಕೈಹಿಡಿದು ಬಂದುದರಿಂದ ಹಾಗೆಯೇ ಉಳಿದವು. ಅರಕಲಗೂಡಿಗೆ ಅರ್ಕನ, ಎಂದರೆ ಸೂರ್ಯನ ಹೆಸರು ಬಂದಿತೆಂದು ಅಲ್ಲಿಯ ಸ್ಥಳಪುರಾಣವು ಹೇಳುತ್ತದೆ, ಅರ್ಕೇಶ್ವರನ ಗುಡಿಯನ್ನೂ ತೋರಿಸುತ್ತದೆ. ಪುರಾಣವು ಏನೇ ಹೇಳಲಿ, ಹೆಸರಿನ ತುದಿಯ ಗೂಡು ಅಚ್ಚಗನ್ನಡದ್ದು.

ಪ್ರಾಮಾಣಿಕನಾದ ವಕೀಲನು ತನ್ನ ವಾದಕ್ಕೆ ವಿರುದ್ಧವಾದುದನ್ನೂ ಮುಚ್ಚಿಡಬಾರದು. ಪಕಾರದ ನಿಯಮಕ್ಕೆ ಸಿಕ್ಕದೆ ತಪ್ಪಿಸಿಕೊಂಡ ಅಚ್ಚಗನ್ನಡದ ಮಾತುಗಳಿವೆ. ಪಡುವಣ ದಿಕ್ಕು ಹಡುವಣವಾಗಲಿಲ್ಲ. ಕುಡಿಯುವ ಪಾಲ್ ಹಾಲಾಯಿತು, ಹಂಚಿಕೊಳ್ಳುವ ಪಾಲ್ ಮಾತ್ರ ಇಂದಿಗೂ ಪಾಲೇ ಆಗಿದೆ. ಅಣ್ಣತಮ್ಮಂದಿರ ವಿಭಾಗಪತ್ರಗಳನ್ನು ಬರೆದು ಜೀವನ ಮಾಡುವ ನಮ್ಮಂಥವರಿಗೆ ಈ ಹಳೆಯ ಪಕಾರವು ಉಳಿದುದು ಒಂದು ಅನುಗ್ರಹವೆಂದೇ ಹೇಳಬೇಕು. ಇಲ್ಲದಿದ್ದರೆ ಹಾಲಿಗಾಗಿ ದಾವೆಯೋ ಪಾಲಿಗಾಗಿ ದಾವೆಯೋ ತಿಳಿಯುತ್ತಿರಲಿಲ್ಲ.

ಇಷ್ಟು ಹಳೆಯ, ಇಷ್ಟು ಸಾಕ್ಷ್ಯವುಳ್ಳ ಮಾತನ್ನು ನಾವು ಹೇಗೆ ನಡೆಸಿಕೊಂಡಿದ್ದೇವೆ? ಬಿ. ಎಲ್. ರೈಸರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಹೇಮಾವತಿಗೆ ಎಣ್ಣೆಹೊಳೆ ಎಂಬ ಇನ್ನೊಂದು ಹೆಸರಿದೆಯೆಂದು ದಾಖಲಿಸಿದ್ದಾರೆ. ಇಂದು ಹೊಳೇನರಸೀಪುರದ ಸೇತುವೆಯ ಮೇಲೆ ನಿಂತು ಎಣ್ಣೆಹೊಳೆ ಎಲ್ಲಿದೆಯೆಂದು ಕೇಳಿದರೆ, ಕಾರ್ಕಳದ ಕಡೆಗೆ ಆ ಹೆಸರಿನ ಊರೊಂದಿದೆಯೆಂದು ಉತ್ತರ ಬಂದೀತೇ ಹೊರತು, ಕಾಲ ಕೆಳಗಣ ನೀರನ್ನು ಯಾರೂ ತೋರಿಸಲಾರರು. ಹೇಮಾವತಿ ಎಂಬುದು ಸುಂದರವಾದ ಹೆಸರೇ. ಅದನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ನದಿ ಎಂಬ ಶಬ್ದವನ್ನು ಕನ್ನಡದಿಂದ ಓಡಿಸಬೇಕೆಂಬ ಅತ್ಯುತ್ಸಾಹಿಗಳ ಗುಂಪಿಗೂ ನಾನು ಸೇರಿದವನಲ್ಲ. ನದಿಯು ನಮ್ಮಲ್ಲಿ ಸಾವಿರ ವರ್ಷಗಳಿಂದ ಅನುಭೋಗದಲ್ಲಿದೆ. ಅದರ ಹಕ್ಕು ಪ್ರಶ್ನಾತೀತ. ಆದರೆ ಅನುಭೋಗದ ಹಕ್ಕಿನಿಂದ ಬಂದವರು ಮೂಲ ಹಕ್ಕುದಾರಳನ್ನು ಮನೆಯಿಂದ ಹೊರಗೆ ಹಾಕುವುದು ಯಾವ ನ್ಯಾಯ? ಹೊಳೆಯ ದಂಡೆಯ ಮಗುವು ಮನೆಯಲ್ಲಿ “ಹೊಳೆಗೆ ಹೋಗಿದ್ದೆ” ಎನ್ನುತ್ತದೆ. ಪ್ರಬಂಧವನ್ನು ಬರೆಯಲು ಕುಳಿತೊಡನೆ ಅದೇ ಮಗುವು “ನದಿಗೆ ಹೋಗಿದ್ದೆನು” ಎಂದು ಬರೆಯುತ್ತದೆ. ಹೊಳೆಯೆಂದು ಬರೆದರೆ ಅಂಕ ಕಡಮೆಯಾದೀತೆಂಬ ಭಯವನ್ನು ಅದಕ್ಕೆ ಕಲಿಸಿದವರು ಯಾರು?

ಮಾತನ್ನು ಬಿಟ್ಟರೆ ಅದರೊಡನೆ ಒಂದು ಜ್ಞಾನವೂ ಹೋಗುತ್ತದೆ. ನಮ್ಮ ಹಿರಿಯರು ನೀರನ್ನು ನೋಡಿ ಹೆಸರಿಟ್ಟವರು. ತಗ್ಗಿನಲ್ಲಿ ಹರಿದು ಬೇಸಗೆಯಲ್ಲಿ ಬತ್ತುವುದು ಹಳ್ಳ. ಆ ಮಾತಿಗೆ ಮೂಲವಾದ ಪಳ್ಳಕ್ಕೆ ತಗ್ಗೆಂದೇ ಅರ್ಥ. ಕೈಯಿಂದ ತೋಡಿದುದು ಕಾಲುವೆ. ವರ್ಷವೆಲ್ಲ ಹರಿಯತಕ್ಕದ್ದು ಹೊಳೆ. ಸಕಲೇಶಪುರದ ಘಟ್ಟದಲ್ಲಿ ಎತ್ತಿನಹೊಳೆ, ಕೆಂಪುಹೊಳೆ, ಕಾಡುಮನೆಹೊಳೆ ಎಂಬ ಹೆಸರುಗಳನ್ನಿಟ್ಟವರು ಈ ವಿವೇಚನೆಯನ್ನು ಬಲ್ಲವರು. ಎತ್ತಿನಹೊಳೆಯ ನೀರನ್ನು ಮೂಡಲ ಸೀಮೆಗೆ ತಿರುಗಿಸುವ ಯೋಜನೆಯ ಮೊದಲ ಹಂತವು ೨೦೨೪ರ ಸೆಪ್ಟೆಂಬರಿನಲ್ಲಿ ಆರಂಭವಾದಂದಿನಿಂದ ಆ ಹೆಸರು ರಾಜ್ಯದಲ್ಲೆಲ್ಲ ಕೇಳಿಬರುತ್ತಿದೆ. ಆ ಯೋಜನೆಯ ಗುಣದೋಷಗಳು ಬೇರೆ ಲೇಖನದ ವಿಷಯ. ಹೇಮಾವತಿಗೆ ಗೊರೂರಿನ ಬಳಿ ಕಟ್ಟಿದ ಅಣೆಕಟ್ಟು ೧೯೭೯ರಲ್ಲಿ ಮುಗಿದಮೇಲೆ, “ಒಳೆ ಬತ್ತಾಕಿಲ್ಲ” ಎಂಬ ನಮ್ಮ ಸಾಕ್ಷಿಯ ಲಕ್ಷಣವು ಅಣೆಕಟ್ಟಿನ ಕೆಳಗಣ ಊರುಗಳಲ್ಲಿ ಮಳೆಗಿಂತಲೂ ಹೆಚ್ಚಾಗಿ ಇಂಜಿನಿಯರರ ಬಾಗಿಲುಗಳನ್ನು ಅವಲಂಬಿಸಿದೆಯೆಂಬುದನ್ನು ಮಾತ್ರ ಇಲ್ಲಿ ಹೇಳಬಹುದು.

ಇನ್ನೊಂದು ಸಂಗತಿಯನ್ನು ಈ ಪತ್ರಿಕೆಯ ವಾಚಕರು ವಿಶೇಷವಾಗಿ ಮನಸ್ಸಿಗೆ ತಂದುಕೊಳ್ಳಬೇಕು. ೧೯೫೬ರ ನವೆಂಬರ್ ೧ಕ್ಕೆ ಮೊದಲು ಕನ್ನಡನಾಡು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹಂಚಿಹೋಗಿದ್ದಿತು. ಒಬ್ಬರ ಕಛೇರಿಯ ಕಾಗದವು ಇನ್ನೊಬ್ಬರಿಗೆ ಅರ್ಥವಾಗುತ್ತಿರಲಿಲ್ಲ. ಆದರೆ ಮೈಸೂರಿನಲ್ಲಿ ಹೇಮಾವತಿಯ ದಂಡೆಯ ಊರಿಗೆ ಹೊಳೇನರಸೀಪುರವೆಂದೂ, ಭದ್ರೆಯ ದಂಡೆಯ ಊರಿಗೆ ಹೊಳೆಹೊನ್ನೂರೆಂದೂ ಹೆಸರಿಟ್ಟ ಬುದ್ಧಿಯೇ, ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಮಲಪ್ರಭೆಯ ದಂಡೆಯಲ್ಲಿ ಹೊಳೆಆಲೂರೆಂದು ಹೆಸರಿಟ್ಟಿತು. ಧಾರವಾಡದ ಕಡೆಯವರು ‘ಹೊಳಿ’ ಎನ್ನಲಿ, ನಮ್ಮವನು ‘ಒಳೆ’ ಎನ್ನಲಿ, ಕೊಡಗಿನ ಹೆಸರಿನಲ್ಲಿ ‘ಪೊಳೆ’ ಇರಲಿ, ನೀರು ಒಂದೇ, ಮಾತು ಒಂದೇ. ಏಕೀಕರಣವನ್ನು ಕಮೀಷನ್ನುಗಳು ೧೯೫೬ರಲ್ಲಿ ಮಾಡಿದರೆಂದು ಹೇಳುತ್ತೇವೆ; ಈ ಮಾತು ಅದನ್ನು ಅದಕ್ಕೆ ಬಹು ಮೊದಲೇ ಮಾಡಿಟ್ಟಿದ್ದಿತು.

ಅದು ಪೂರ್ತಿಯಾಗಲಿಲ್ಲವೆಂಬ ವ್ಯಥೆಯೂ ಈ ಮಾತಿನೊಳಗೇ ಇದೆ. ದಕ್ಷಿಣ ಕನ್ನಡದ ತಾಲ್ಲೂಕಾಗಿದ್ದ ಕಾಸರಗೋಡು ೧೯೫೬ರಲ್ಲಿ ಕೇರಳಕ್ಕೆ ಸೇರಿತು. ೧೯೬೬ರಲ್ಲಿ ನೇಮಿತವಾದ ಮಹಾಜನ ಆಯೋಗವು ಮರುವರ್ಷ ವರದಿಯನ್ನು ಕೊಟ್ಟು, ಚಂದ್ರಗಿರಿ ಹೊಳೆಯ ಬಡಗಣ ಭಾಗವು ಮೈಸೂರಿಗೆ ಸೇರತಕ್ಕದ್ದೆಂದು ಹೇಳಿತು. ಆ ಶಿಫಾರಸು ಜಾರಿಗೆ ಬರಲೇ ಇಲ್ಲ. ಹೊಳೆಯ ಈ ದಡದ ಕನ್ನಡಿಗನು ಅದನ್ನು ಚಂದ್ರಗಿರಿ ಹೊಳೆ ಎನ್ನುತ್ತಾನೆ, ಆ ದಡದ ಮಲೆಯಾಳಿಯು ಚಂದ್ರಗಿರಿ ಪುೞ ಎನ್ನುತ್ತಾನೆ. ಎರಡು ಭಾಷೆಗಳಿಗೆ ಎಲ್ಲೆಯಾಗಲೆಂದು ಆಯೋಗವು ಆರಿಸಿಕೊಂಡ ಗೆರೆಯ ಹೆಸರೇ ಎರಡು ಭಾಷೆಗಳಿಗೂ ಸಮಾನವಾದ ಪಿತ್ರಾರ್ಜಿತ. ಕಾಸರಗೋಡಿನ ಕನ್ನಡಿಗರಿಗೆ ನ್ಯಾಯವು ದೊರೆಯಬೇಕೆಂಬುದರಲ್ಲಿ ನನಗೆ ಸಂದೇಹವಿಲ್ಲ; ಅವರ ಮಕ್ಕಳು ಕನ್ನಡದಲ್ಲಿ ಓದಬೇಕು, ಅವರ ಕಾಗದಪತ್ರಗಳು ಕನ್ನಡದಲ್ಲಿ ನಡೆಯಬೇಕು. ಆದರೆ ಆಚೆಯ ದಡದವನನ್ನು ಪರಕೀಯನೆಂದು ಬೈಯುವ ಮೊದಲು, ಅವನು ನಾವು ಕಳೆದುಕೊಂಡ ೞಕಾರವನ್ನು ಇಂದಿಗೂ ಕಾಪಾಡಿಕೊಂಡು ಬಂದಿರುವ ದಾಯಾದಿಯೆಂಬುದು ನೆನಪಿರಲಿ. ದಾಯಾದಿಗಳಲ್ಲಿ ವ್ಯಾಜ್ಯವಿರುವುದು ಸಹಜ. ವ್ಯಾಜ್ಯವಿರುವುದರಿಂದ ರಕ್ತಸಂಬಂಧವು ಸುಳ್ಳಾಗುವುದಿಲ್ಲ.

ಉಪಾಧ್ಯಾಯ ಮಹಾಶಯರಲ್ಲಿ ನನ್ನ ಬಿನ್ನಹವು ಚಿಕ್ಕದು. ಹಕಾರವನ್ನು ಬರೆಯುವುದನ್ನು ಮಕ್ಕಳಿಗೆ ಅವಶ್ಯವಾಗಿ ಕಲಿಸಿರಿ. ಅಕ್ಕಿಗೂ ಹಕ್ಕಿಗೂ ವ್ಯತ್ಯಾಸವು ಬರವಣಿಗೆಯಲ್ಲಿ ಉಳಿಯಲೇಬೇಕು. ಆದರೆ ‘ಒಳೆ’ ಎಂದ ಮಗುವನ್ನು ತರಗತಿಯ ಮುಂದೆ ನಿಲ್ಲಿಸಿ ನಗಿಸಬೇಡಿರಿ. ಅದರ ಬದಲು ಕಪ್ಪುಹಲಗೆಯ ಮೇಲೆ ಪೊೞೆ, ಹೊಳೆ, ಒಳೆ ಎಂದು ಸಾಲಾಗಿ ಬರೆಯಿರಿ. ರೈಸರು ೧೯೦೨ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನಗಳ ಸಂಪುಟವನ್ನು ತಾಲ್ಲೂಕಿನ ಪುಸ್ತಕಾಲಯದಿಂದ ತರಿಸಿ, ನಿಮ್ಮ ಸುತ್ತಣ ಹಳ್ಳಿಗಳು ಅದರಲ್ಲಿ ಯಾವ ಹೆಸರಿನಿಂದ ಇವೆಯೆಂದು ಮಕ್ಕಳಿಂದಲೇ ಹುಡುಕಿಸಿರಿ. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ಕೋಶವೂ, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟೂ ಬರಿಯ ಕಪಾಟಿನ ಅಲಂಕಾರಕ್ಕಾಗಿ ಆದವುಗಳಲ್ಲ. ಒಂದು ವಾರ ಇಂಥ ಪಾಠವನ್ನು ಮಾಡಿದರೆ, ವ್ಯಾಕರಣವೆಂದರೆ ಓಡುವ ಮಕ್ಕಳೂ ತಮ್ಮ ಅಜ್ಜಿಯ ಬಾಯಿಂದ ಹಳೆಯ ಮಾತುಗಳನ್ನು ಕೇಳಿ ಬರೆದುಕೊಂಡು ಬರುವರೆಂದು ನನಗೆ ಪೂರ್ಣ ಭರವಸೆಯಿದೆ.

ದಾವೆಯು ಏನಾಯಿತೆಂದು ಕೇಳುವ ವಾಚಕರಿರಬಹುದು. ಮುದುಕನ ಹೇಳಿಕೆಯನ್ನು ನ್ಯಾಯಾಲಯವು ನಂಬಿತು. ಹೊಳೆ ಎಂದರೆ ಹೇಮಾವತಿಯೇ ಎಂದು ತೀರ್ಪಾಗಿ, ಒಂದು ಎಕರೆ ಮೂವತ್ತು ಗುಂಟೆ ನೆಲವು ವಾದಿಗೆ ಉಳಿಯಿತು. ನಕಲು ಪ್ರತಿಯನ್ನು ತೆಗೆದುಕೊಂಡು ಓದಿದೆ. ಸಾಕ್ಷಿಯ ಹೇಳಿಕೆಯ ಭಾಗದಲ್ಲಿ ಬೆರಳಚ್ಚುಗಾರನು ‘ಒಳೆ’ಯನ್ನು ತಿದ್ದಿ ‘ನದಿ’ ಎಂದು ಅಚ್ಚುಮಾಡಿದ್ದನು.